ಬಿಟ್ಟಿ ಕರೆಯ ಬಾಬತ್ತು

1800ರಿಂದ ಶುರುವಾಗುವ ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿದರೆ ನಮಗೆ ಖರ್ಚಿಲ್ಲ, ಬಿಲ್ಲು ಕಂಪನಿಯ ತಲೆಗೆ. ಅಮೆರಿಕದ ಎಟಿ ಅಂಡ್ ಟಿ 1967ರಲ್ಲಿ 800 ನಂಬರುಗಳನ್ನು ತಂದದ್ದು ಟ್ರಂಕ್ ಕಾಲ್ ದುಬಾರಿಯಿದ್ದ ಕಾಲದಲ್ಲಿ; ಆಗ ಅದು ದೊಡ್ಡ ಉಪಕಾರವೇ. ಹುಷಾರು, ದಾಯಾದಿಯಂತೆ ಕಾಣುವ 1860 ಬೇರೆ ಜಾತಿ. ಅದಕ್ಕೆ ಲೋಕಲ್ ಕರೆಯ ದರ ನಮ್ಮದೇ.

ನಮ್ಮತ್ತೆ ಮಾತ್ರ 1800ರ ಕರೆಯನ್ನೂ ಬಿಟ್ಟಿ ಎಂದು ಒಪ್ಪುವವರಲ್ಲ. ಕನ್ನಡಕ್ಕೆ ಇಷ್ಟನ್ನು ಒತ್ತಿ, ದೂರಿಗೆ ಅಷ್ಟನ್ನು ಒತ್ತಿ ಅಂತ ಒತ್ತಿಸಿಕೊಂಡು, ಕೊನೆಗೆ "ನಿಮ್ಮ ಕರೆ ನಮಗೆ ಬಹಳ ಮುಖ್ಯ" ಅಂದು ಕೊಳಲು ಊದುತ್ತಾರೆ. ಅತ್ತೆ ಸ್ಪೀಕರ್ ಹಾಕಿ ಹುರುಳಿಕಾಯಿ ಬಿಡಿಸುತ್ತಾ ಕೂರುತ್ತಾರೆ. ಕಾಯಿ ಮುಗಿಯುತ್ತದೆ, ಕೊಳಲು ಮುಗಿಯದು. ಒಮ್ಮೆ ನಡುವೆ ಹುಡುಗಿಯೊಬ್ಬಳು "ಹೇಳಿ ಮೇಡಂ" ಅಂದಾಗ ಅತ್ತೆಗೇ ಗಾಬರಿ: "ಯಾಕ್ ಫೋನ್ ಮಾಡಿದ್ದೆ ನಾನು?"

ನಿಜ ಹೇಳಬೇಕೆಂದರೆ ಪುಕ್ಕಟೆ ಫೋನಿನ ವಿದ್ಯೆಯನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಮಿಸ್ಡ್ ಕಾಲ್ ಇತ್ತಲ್ಲ! ಒಂದು ರಿಂಗಿಗೆ ಬಸ್ ಹತ್ತಿದೆ, ಎರಡಕ್ಕೆ ಊರು ತಲುಪಿದೆ. ಮೂರನೇ ರಿಂಗಿಗೆ ಯಾರಾದರೂ ಎತ್ತಿಬಿಟ್ಟರೆ ಅವರಿಗೆ ಮನೆಯಲ್ಲಿ ಮಂಗಳಾರತಿ.