ಅಕ್ಕನ ಮನೆಯ ಎರಡನೆಯ ಗಡಿಯಾರ

ಬೆಳಗಾವಿಯ ಟಿಳಕವಾಡಿಯಲ್ಲಿ ಸಂಜೆ ತಿರುಗಾಡಲು ಹೊರಟರೆ ಈಗ ಮನೆಗಳಿಗೆ ನಂಬರು ಬೇಕಾಗಿಲ್ಲ. ಇದು ಡಲ್ಲಾಸ್ ಮನೆ, ಅದು ಸಿಡ್ನಿ ಮನೆ, ಮೂಲೆಯ ಹಳದಿ ಬಣ್ಣದ್ದು ದುಬೈ. ಒಳಗೆ ಇರುವವರು ಇಬ್ಬರು ಮುದುಕರು, ಒಂದು ನಾಯಿ. ನಾಯಿಯನ್ನು ಮಾತ್ರ ನಾವು ಅದರ ಸ್ವಂತ ಹೆಸರಿನಿಂದ ಕರೆಯುತ್ತೇವೆ.

ಪರದೇಶಕ್ಕೆ ಹೋದ ಸಂಸಾರ ಅಲ್ಲಿ ಹೇಗೆ ಬೇರು ಬಿಟ್ಟಿತು ಎಂಬ ಕತೆಯನ್ನು ಎಲ್ಲರೂ ಕೇಳುತ್ತಾರೆ, ಹೇಳುವವರೂ ಬೇಕಾದಷ್ಟು ಜನ ಇದ್ದಾರೆ. ಆದರೆ ಒಂದು ಮನೆ ಹೊರಟಿತೆಂದರೆ ವಲಸೆ ಹೋಗುವವು ಎರಡು ಮನೆಗಳು. ಇಲ್ಲೇ ಉಳಿದವರೂ ಹೊಸ ಹವಾಮಾನ, ಹೊಸ ವೇಳೆ, ಹೊಸ ಕಾನೂನು ಎಲ್ಲವನ್ನೂ ಕಲಿಯಬೇಕು. ಅವರಿಗೆ ಯಾರೂ ವೀಸಾ ಕೊಡುವುದಿಲ್ಲ, ಬೀಳ್ಕೊಡುಗೆಯ ಹೋಳಿಗೆ ಊಟವನ್ನೂ ಹಾಕುವುದಿಲ್ಲ. ನನ್ನ ಅಕ್ಕ ಖಾನಾಪುರದ ತನ್ನ ಪಡಸಾಲೆಯಲ್ಲಿ ಕುಳಿತಲ್ಲೇ ಅರ್ಧ ಇಂಗ್ಲಂಡಿಗೆ ಹೋಗಿಬಿಟ್ಟಿದ್ದಾಳೆ.

ಅಕ್ಕನದು ಮಲಪ್ರಭೆಯ ಘಾಟಿಗೆ ಇಳಿಯುವ ದಾರಿಯಲ್ಲಿ ಹಂಚಿನ ಮನೆ. ಹಂಚು ಊರಿನದೇ. ಖಾನಾಪುರದ ಮಣ್ಣು ಹಂಚಿಗೆ, ಇಟ್ಟಂಗಿಗೆ, ಗಡಿಗೆಗೆ ಹೆಸರಾದದ್ದು. ಖಾದಿ ಗ್ರಾಮೋದ್ಯೋಗದವರು ದೇಶಕ್ಕೆಲ್ಲ ಕುಂಬಾರಿಕೆ ಕಲಿಸುವ ಸಂಸ್ಥೆಯನ್ನು ಇಲ್ಲಿ ತೆರೆದದ್ದು ಸುಮ್ಮನೆ ಅಲ್ಲ. ನಮ್ಮ ಭಾವನವರು ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆದುಕೊಂಡೇ ನಿವೃತ್ತರಾದರು. ಮಗ ಡಿಪ್ಲೊಮಾ ಮುಗಿಸಿ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಕಾದ ಕಬ್ಬಿಣದ ಮುಂದೆ ನಿಂತ. ಸೊಸೆ ನರ್ಸು. ಪರದೇಶಕ್ಕೆ ಹೋಗುವ ಬಾಗಿಲು ತೆರೆದದ್ದು ಸೊಸೆಗೆ, ಮಗ ಅವಳ ವೀಸಾದ ಬೆನ್ನಿಗೆ ಹೊರಟ. ಅಕ್ಕನ ಮೊದಲ ತಕರಾರು ಇದೇ ಆಗಿತ್ತು.

‘ಊರ ಮಂದಿ ಏನಂದಾರು? ಹೆಂಡ್ತಿ ಹಿಂದ ಹೊಂಟಾನ ಅಂತಾರ.’

‘ಅವ್ವಾ, ಯಾರ ಹಿಂದ ಯಾರ ಹೋದ್ರೂ ಟಿಕೀಟಿನ ರೇಟ್ ಒಂದ ಐತಿ’ ಅಂದ ಅಕ್ಕನ ಮಗ, ನನ್ನ ಸೋದರಳಿಯ.

ಸೊಸೆ ಹೊರಡುವ ಮುಂಚೆ ಇಂಗ್ಲಿಷ್ ಪರೀಕ್ಷೆ ಬರೆದಳು, ಕಂಪ್ಯೂಟರಿನ ಮುಂದೆ ಕುಳಿತು ನರ್ಸಿಂಗ್ ಪರೀಕ್ಷೆ ಕೊಟ್ಟಳು. ಅಲ್ಲಿಗೆ ಹೋದ ಮೇಲೆ ಓಸ್ಕಿ ಎಂಬ ಇನ್ನೊಂದು ಪರೀಕ್ಷೆ. ಅದರಲ್ಲಿ ಬೊಂಬೆಯನ್ನು ಮಲಗಿಸಿ ಉಪಚಾರ ಮಾಡಿ ತೋರಿಸಬೇಕು, ಕೈ ಹೇಗೆ ತೊಳೆಯುತ್ತೀರಿ ಎಂಬುದನ್ನೂ ತೋರಿಸಬೇಕು. ‘ಇಷ್ಟ ವರ್ಷ ಮಂದಿಗೆ ಸೂಜಿ ಚುಚ್ಯಾಳ, ಈಗ ಕೈ ತೊಳಿಯೂದು ಪರೀಕ್ಷಾನ?’ ಎಂದು ಅಕ್ಕ ಕೇಳಿದಳು. ಆ ವಾರವೆಲ್ಲ ಸೊಸೆ ಫೋನಿನಲ್ಲಿ ಕೈ ತೊಳೆಯುವ ಅಭ್ಯಾಸ ಮಾಡುತ್ತಿದ್ದರೆ ಅಕ್ಕ ಈ ತುದಿಯಲ್ಲಿ ಕುಳಿತು ‘ಹೆಬ್ಬಟ್ಟ ಬಿಟ್ಟಿ ನೋಡ’ ಎಂದು ತಿದ್ದುತ್ತಿದ್ದಳು. ಸೊಸೆ ಪಾಸಾದಳು. ಅಕ್ಕ ಈಗಲೂ ಊಟಕ್ಕೆ ಮುಂಚೆ ಹೆಬ್ಬೆರಳನ್ನು ಪ್ರತ್ಯೇಕವಾಗಿ ತಿರುವಿ ತಿರುವಿ ತೊಳೆಯುತ್ತಾಳೆ.

ಇಂಗ್ಲಿಷರು ನಮ್ಮಲ್ಲಿಗೆ ಬಂದಾಗ ಇಂಥ ಕಟ್ಟುನಿಟ್ಟು ಇದ್ದಂತಿಲ್ಲ. 1818ರಲ್ಲಿ ಬೆಳಗಾವಿ ಕೋಟೆ ಅವರ ಕೈಸೇರಿತು, ಹವೆ ಒಗ್ಗಿತು, ಕೋಟೆಯ ಆಚೆ ಕ್ಯಾಂಪು ಎದ್ದಿತು. ಮರದ ಸಾಲು, ಬಂಗಲೆ, ಚರ್ಚು, ಕೊನೆಗೆ ಸ್ಮಶಾನವೂ ಬಂತು. ಕಂಪನಿಯವರು ತಮ್ಮ ಅಧಿಕಾರಿಗಳಿಗೆ ದೇಶಭಾಷೆಯ ಪರೀಕ್ಷೆ ಇಡುತ್ತಿದ್ದರು ನಿಜ. ಆದರೆ ನಮ್ಮ ಸೀಮೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ ಮರಾಠಿ ಕಲಿತರೆ ಸಾಕು ಎಂದುಕೊಂಡಿದ್ದರು. ಇಲ್ಲಿಯ ಜನರ ಮಾತು ಕನ್ನಡ ಎಂದು ವಾಲ್ಟರ್ ಎಲಿಯಟ್‌ನಂಥ ಅಧಿಕಾರಿಗಳು ಮೇಲಿನವರಿಗೆ ತಿಳಿಸಿ ಹೇಳಬೇಕಾಯಿತು. ಹೆಬ್ಬೆರಳಿನ ಪರೀಕ್ಷೆಯಂತೂ ಅವರಿಗೆ ಇರಲೇ ಇಲ್ಲ.

ನಮ್ಮವರು ಹೊರಡುವ ದಿನ ತಲೆಗೆ ಎರಡು ಚೀಲ, ಚೀಲಕ್ಕೆ 23 ಕಿಲೋ. ತೂಕಕ್ಕೆ ಗಲ್ಲಿಯ ಕಿರಾಣಿ ಅಂಗಡಿಯ ಕಾಟಾ ಬಂತು. ಕೆಂಪು ಖಾರದಪುಡಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಕಟಕ ರೊಟ್ಟಿ, ಶ್ಯಾವಿಗೆ, ಜಾಂಬೋಟಿಯ ಗೇರುಬೀಜ. ಒಣಕೊಬ್ಬರಿ ಕೆಳಗಿಳಿಯಿತು, ಬೆಂಕಿ ಹಿಡಿಯುವ ವಸ್ತುವೆಂದು ಅದಕ್ಕೆ ವಿಮಾನದಲ್ಲಿ ಜಾಗವಿಲ್ಲ. ‘ಕೊಬ್ಬರಿ ಬಾಂಬ್ ಅಂತ ತಿಳಕೊಂಡಾರೇನ?’ ಎಂದು ಅಕ್ಕ ಅದನ್ನು ಅಡಿಗೆಮನೆಗೆ ಒಯ್ದು ತುರಿದು, ಹುರಿದು, ಚಟ್ನಿಗೆ ಬೆರೆಸಿದಳು. ಕುಂದಾದ ವಿಷಯ ಇನ್ನೂ ಜಟಿಲ. ಹಾಲಿನ ಪದಾರ್ಥ ನಮ್ಮಂಥ ದೇಶಗಳಿಂದ ಬ್ರಿಟನ್ನಿಗೆ ಒಯ್ಯುವಂತಿಲ್ಲ; ಸಿಹಿತಿಂಡಿಗೆ ರಿಯಾಯಿತಿ ಉಂಟು. ಹಾಗಾದರೆ ಕುಂದಾ ಹಾಲೋ, ಸಿಹಿಯೋ? ನಾನು ಸಿಹಿಯ ಪಕ್ಷ, ಅಳಿಯ ಹಾಲಿನ ಪಕ್ಷ. ವಾದ ರಾತ್ರಿ ಹನ್ನೊಂದರವರೆಗೆ ನಡೆಯುವಷ್ಟರಲ್ಲಿ ಮೊಮ್ಮಗಳು ಅರ್ಧ ಡಬ್ಬಿ ತಿಂದು ಮುಗಿಸಿದ್ದಳು. ಉಳಿದರ್ಧವನ್ನು ಮುಂಬಯಿಯ ರಾತ್ರಿ ಬಸ್ಸು ಹತ್ತಿಸಲು ಬಂದವರು ನಿಂತಲ್ಲೇ ಹಂಚಿಕೊಂಡೆವು. ನನಗೆ ಗೊತ್ತಿರುವಂತೆ ಗಡಿವಿವಾದವೊಂದು ಎಲ್ಲರ ಬಾಯಿ ಸಿಹಿಯಾಗಿ ಮುಗಿದದ್ದು ಅದೊಂದೇ ಸಲ.

ಅವರು ಹೋದ ಊರು ಸ್ಟೋಕ್-ಆನ್-ಟ್ರೆಂಟ್. ಇಂಗ್ಲಂಡಿನ ನಡುವಿನಲ್ಲಿರುವ ಈ ಊರಿನ ಹೆಸರು ಕೇಳಿದವರು ನಮ್ಮಲ್ಲಿ ಕಡಿಮೆ. ಲಂಡನ್ ಎಂದರೆ ಮಂದಿ ಹುಬ್ಬೇರಿಸುತ್ತಾರೆ, ಸ್ಟೋಕ್ ಎಂದರೆ ‘ಹಾಂ?’ ಅನ್ನುತ್ತಾರೆ. ಅಕ್ಕ ಕೆಲವು ದಿನ ಎಲ್ಲರಿಗೂ ‘ಲಂಡನ್ ಬಾಜೂಕ’ ಎಂದೇ ಹೇಳಿದಳು. ಅದು ಕುಂಬಾರರ ಊರು ಎಂದು ಅಳಿಯ ಒಂದು ರಾತ್ರಿ ಫೋನಿನಲ್ಲಿ ಹೇಳಿದ್ದೇ ಲಂಡನ್ನು ಬಿದ್ದುಹೋಯಿತು.

ನಿಜವಾಗಿಯೂ ಕುಂಬಾರರ ಊರೇ. ಟನ್‌ಸ್ಟಾಲ್, ಬರ್ಸ್ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್ ಎಂಬ ಆರು ಪೇಟೆಗಳು 1910ರಲ್ಲಿ ಒಂದಾದವು. ಕಾಲಡಿಯಲ್ಲಿ ಮಣ್ಣು, ಅದರ ಕೆಳಗೆ ಕಲ್ಲಿದ್ದಲು. ವೆಜ್‌ವುಡ್, ಸ್ಪೋಡ್ ಎಂದು ತಟ್ಟೆಯ ಹಿಂಬದಿಯಲ್ಲಿ ಜಗತ್ತೆಲ್ಲ ಓದುವ ಹೆಸರುಗಳು ಅಲ್ಲಿಯವು. ಅಲ್ಲಿಯ ಫುಟ್‌ಬಾಲ್ ತಂಡವನ್ನು ಜನ ಕುಂಬಾರರು ಎಂದೇ ಕರೆಯುತ್ತಾರೆ. ಹೊಟ್ಟೆ ಉಬ್ಬಿದ ಬಾಟಲಿ ಆಕಾರದ ಇಟ್ಟಂಗಿ ಭಟ್ಟಿಗಳು ಒಂದು ಕಾಲಕ್ಕೆ ಸಾವಿರಗಟ್ಟಲೆ ಇದ್ದು, ಹಗಲಲ್ಲೂ ಊರು ಹೊಗೆಯಲ್ಲಿ ಮುಳುಗಿರುತ್ತಿತ್ತಂತೆ. 1956ರಲ್ಲಿ ಗಾಳಿ ಶುದ್ಧಿಯ ಕಾಯಿದೆ ಬಂತು, ವಿದ್ಯುತ್ತು, ಗ್ಯಾಸು ಬಂದವು. ಆಮೇಲೆ ಅಗ್ಗದ ಸಾಮಾನು ಪರದೇಶದಿಂದ ಬಂತು, ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಈಗ ನಿಂತಿರುವ ಬಾಟಲಿ ಭಟ್ಟಿಗಳು ಐವತ್ತಕ್ಕೂ ಕಡಿಮೆ. ಅವನ್ನು ಸ್ಮಾರಕವೆಂದು ಕಾಯುತ್ತಾರೆ. ಖಾನಾಪುರದಲ್ಲಿ ಸ್ಲ್ಯಾಬಿನ ಮನೆಗಳು ಎದ್ದ ಹಾಗೆ ಹಂಚಿನ ಭಟ್ಟಿಗಳು ತಣ್ಣಗಾದದ್ದನ್ನು ಕಣ್ಣಾರೆ ಕಂಡ ಅಕ್ಕ ಇದನ್ನು ಬಿಡಿಸಿ ಕೇಳಲೇ ಇಲ್ಲ. ‘ಅಲ್ಲೂ ಹಂಗ ಆತಾ’ ಎಂದಳು, ಅಷ್ಟೆ.

ಊರಿನ ಹೆಸರಿನಲ್ಲಿರುವ ಟ್ರೆಂಟ್ ಹೊಳೆ ಅಲ್ಲೇ ಉತ್ತರಕ್ಕೆ, ಬಿಡಲ್ಫ್ ಮೂರ್ ಎಂಬ ಗುಡ್ಡದಲ್ಲಿ ಹುಟ್ಟುತ್ತದೆ. ಸ್ಟೋಕ್ ಮುಟ್ಟುವಾಗ ಅದಿನ್ನೂ ಕೂಸು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯೂ ಅಕ್ಕನ ಘಾಟಿಗೆ ಬರುವಾಗ ಬೇಸಿಗೆಯಲ್ಲಾದರೆ ಅಂಥದೇ ಕೂಸು. ಮಳೆಗಾಲದಲ್ಲಿ ಮಾತ್ರ ಎರಡನ್ನೂ ಹೋಲಿಸಬಾರದು. ಸ್ಟೋಕ್‌ನಲ್ಲಿ ದಿನವೂ ಮಳೆ ಎಂದು ಸೊಸೆ ಅಲವತ್ತುಕೊಂಡಾಗ ಅಕ್ಕ ಕಿಟಕಿಗೆ ಫೋನು ಹಿಡಿಸಿ ನೋಡಿದಳು. ‘ಇದಕ್ಕ ಮಳಿ ಅಂತಾರ? ಕಣಕುಂಬಿ ಮಂದಿ ನೋಡಿದ್ರ ನಕ್ಕಾರು.’ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರು ದಾಟಿಸುವ ಕಣಕುಂಬಿಯ ತಾಲ್ಲೂಕಿನವಳು, ಅವಳ ಮಾತಿಗೆ ಎದುರಾಡುವಂತಿಲ್ಲ.

ಖಾನಾಪುರದಲ್ಲಿ ಬೆಳೆದವನಿಗೆ ಪರಭಾಷೆಯ ಅಂಜಿಕೆಯೂ ಇಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಘಟ್ಟದ ಕಡೆಯವರೊಡನೆ ಕೊಂಕಣಿ; ಇವನು ಯಾವ ರಾಜ್ಯದವನಾಗಬೇಕು ಎಂದು 1956ರಿಂದ ಬೇರೆಯವರು ಜಗಳಾಡುತ್ತಿದ್ದರೂ ಇವನು ಬಾಯಿ ಬದಲಿಸಿಕೊಂಡು ಆರಾಮಾಗಿದ್ದಾನೆ. ಸ್ಟೋಕ್‌ನವರ ಇಂಗ್ಲಿಷು ಅವನಿಗೆ ಇನ್ನೊಂದು ಬಾಯಿ, ಅಷ್ಟೆ. ಕಷ್ಟವಾದದ್ದು ಮಾತಿಗಲ್ಲ, ಮಾತೇ ಇಲ್ಲದ್ದಕ್ಕೆ. ಬೀದಿಯಲ್ಲಿ ಯಾರೂ ‘ಊಟ ಆತೇನ್ರಿ’ ಎನ್ನುವುದಿಲ್ಲ. ಹೇಳದೆ ಕೇಳದೆ ಯಾರೂ ಒಳಗೆ ಬರುವುದಿಲ್ಲ. ಮೊದಲ ಚಳಿಗಾಲದಲ್ಲಿ ನಾಲ್ಕು ಗಂಟೆಗೆ ಕತ್ತಲಾದಾಗ, ಹೆಂಡತಿ ರಾತ್ರಿ ಪಾಳಿಗೆ ಹೋದಾಗ, ಚೋರ್ಲಾ ಘಾಟಿನಲ್ಲಿ ಮಂಜಿನ ನಡುವೆ ಗಾಡಿ ಹೊಡೆದವನು ಕಿಟಕಿಯ ಬಳಿ ಸುಮ್ಮನೆ ನಿಂತಿರುತ್ತಿದ್ದನಂತೆ. ಆ ದಿನಗಳಲ್ಲಿ ಅವನು ದಿನಕ್ಕೆ ಮೂರು ಸಲ ಅವ್ವನಿಗೆ ಫೋನು ಮಾಡಿ, ಬೇಳೆ ಎಷ್ಟು ಸೀಟಿಗೆ ಬೇಯುತ್ತದೆ ಎಂದು ಕೇಳುತ್ತಿದ್ದ. ಬೇಳೆ ಬೇಯಿಸುವುದು ಅವನಿಗೆ ಮೊದಲಿನಿಂದ ಬರುತ್ತಿತ್ತು. ಅಕ್ಕನಿಗೂ ಅದು ಗೊತ್ತಿತ್ತು, ಆದರೂ ಪ್ರತಿ ಸಲ ಹೇಳಿದಳು.

ಚೋರ್ಲಾ ಘಾಟಿನ ಮಾತು ಬಂತು. ನಮ್ಮ ಲೈಸೆನ್ಸು ಅಲ್ಲಿ 12 ತಿಂಗಳು ನಡೆಯುತ್ತದೆ, ಆಮೇಲೆ ಅವರ ಪರೀಕ್ಷೆ ಕೊಡಬೇಕು. ಅಳಿಯ ಮೊದಲ ಸಲ ಫೇಲಾದ. ಕನ್ನಡಿ ಸಾಕಷ್ಟು ಸಲ ನೋಡಲಿಲ್ಲವಂತೆ. ‘ಮುಂದ ದನ ಬರೂದು ನೋಡಬೇಕ, ಹಿಂದಿನದು ಹಿಂದಿನಾವ ನೋಡ್ಕೋತಾನ’ ಎಂಬುದು ಖಾನಾಪುರ ರಸ್ತೆಯ ತತ್ತ್ವ. ಅದನ್ನು ಪರೀಕ್ಷಕರು ಒಪ್ಪಲಿಲ್ಲ.

ಇತ್ತ ಅಕ್ಕ ಬೇರು ಬಿಡುತ್ತಿದ್ದಳು. ಯಾವ ವಾರ ನೀಲಿ ಡಬ್ಬಿ, ಯಾವ ವಾರ ಬೇರೆ ಡಬ್ಬಿ ಹೊರಗಿಡಬೇಕೆಂದು ಸ್ಟೋಕ್‌ನ ಕಸದ ವೇಳಾಪಟ್ಟಿ ಖಾನಾಪುರದ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಅಮಾವಾಸ್ಯೆಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬಂತು. ಮರೆಯುವವನು ಮಗ, ನೆನಪಿಸುವವಳು ಅವ್ವ. ಮೊಮ್ಮಗಳಿಗೆ ಶಾಲೆಯಲ್ಲೇ ಪುಕ್ಕಟೆ ಊಟ ಎಂದಾಗ ‘ನಮ್ಮ ಬಿಸಿಯೂಟ ಅಲ್ಲಿಗೂ ಹೋತ?’ ಅಂದಳು. ನಾವು ನಕ್ಕೆವು. ಆಮೇಲೆ ನೋಡಿದರೆ ಕರ್ನಾಟಕದಲ್ಲಿ ಬಿಸಿಯೂಟ ಶುರುವಾದದ್ದು 2002ರಲ್ಲಿ. ಇಂಗ್ಲಂಡಿನಲ್ಲಿ ಮೊದಲ ಮೂರು ತರಗತಿಯ ಎಲ್ಲ ಮಕ್ಕಳಿಗೂ ಪುಕ್ಕಟೆ ಊಟ ಬಂದದ್ದು 2014ರಲ್ಲಿ.

ಗಡಿಯಾರ ಬಂದದ್ದು ಆಗಲೇ. ಬೆಳಗಾವಿಯ ಖಡೇಬಜಾರದಿಂದ ನಾನೇ ಒಯ್ದುಕೊಟ್ಟೆ. ದೇವರ ಮನೆಯ ಬಾಗಿಲಿನ ಎಡಕ್ಕೆ ಊರಿನ ವೇಳೆ, ಬಲಕ್ಕೆ ಮೊಮ್ಮಗಳ ವೇಳೆ. ತೊಂದರೆ ಶುರುವಾದದ್ದು ಅಕ್ಟೋಬರಿನ ಕೊನೆಯ ಭಾನುವಾರ. ಅಂದು ಅವರು ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ಸರಿಸುತ್ತಾರೆ, ಮಾರ್ಚಿನ ಕೊನೆಯ ಭಾನುವಾರ ಮುಂದಕ್ಕೆ. ಅಂದರೆ ನಮಗೂ ಅವರಿಗೂ ಬೇಸಿಗೆಯಲ್ಲಿ ನಾಲ್ಕೂವರೆ ತಾಸು, ಚಳಿಗಾಲದಲ್ಲಿ ಐದೂವರೆ ತಾಸು ಅಂತರ. ಸರ್ಕಾರ ಹೀಗೂ ಮಾಡಬಹುದೆಂದು ಅಕ್ಕನಿಗೆ ನಂಬಿಕೆ ಬರಲು ಸಮಯ ಹಿಡಿಯಿತು. ಮುಳ್ಳು ತಿರುಗಿಸಿದರೆ ಗಡಿಯಾರ ಕೆಡುತ್ತದೆ ಎಂಬುದು ಅವಳ ಇನ್ನೊಂದು ಗಟ್ಟಿ ನಂಬಿಕೆ. ಆದ್ದರಿಂದ ಒಂದು ತಾಸು ಬ್ಯಾಟರಿ ತೆಗೆದು ಕೆಳಗಿಟ್ಟಳು, ಕೆಲಸ ಸಲೀಸಾಯಿತು. ಮಾರ್ಚಿನಲ್ಲಿ ಲೆಕ್ಕ ಹಾಕಿದರೆ ಹನ್ನೊಂದು ತಾಸು ತೆಗೆದಿಡಬೇಕು. ಇಟ್ಟಳು! ಮುಂಜಾನೆಯಿಂದ ರಾತ್ರಿಯವರೆಗೆ ಇಂಗ್ಲಂಡು ನಿಂತುಕೊಂಡಿತ್ತು. ಮೊಮ್ಮಗಳು ಅಂದು ಮಧ್ಯಾಹ್ನ ಫೋನು ಮಾಡಿದರೆ ‘ನಿಂದು ಇನ್ನೂ ಚಾಲೂ ಆಗಿಲ್ಲ, ಆಮ್ಯಾಲೆ ಮಾತಾಡೂಣು’ ಎಂದಳಂತೆ.

ಅಳಿಯನಿಗೆ ಕೊನೆಗೆ ಪಿಂಗಾಣಿ ಸಾಮಾನು ಕಟ್ಟಿ ಕಳಿಸುವ ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಬೆಳಗಿನ ತಿಂಡಿಗೆ ಅವನು ಸ್ಟೋಕ್‌ನವರ ಓಟ್‌ಕೇಕ್ ರೂಢಿಸಿಕೊಂಡ. ಹೆಸರು ಕೇಕಾದರೂ ಅದು ಓಟ್ಸಿನ ಹಿಟ್ಟು ಕಲಸಿ, ಹುದುಗು ಬರಿಸಿ, ಹಂಚಿನ ಮೇಲೆ ಹುಯ್ದ ತೆಳ್ಳಗಿನ ಮೆತ್ತನೆಯ ದೋಸೆ. ಅವರು ಅದರಲ್ಲಿ ಚೀಸು, ಹಂದಿಮಾಂಸ ಸುತ್ತುತ್ತಾರೆ, ಇವನು ಶೇಂಗಾ ಚಟ್ನಿ, ಎಣ್ಣೆ. ಸಹೋದ್ಯೋಗಿಯೊಬ್ಬ ರುಚಿ ನೋಡಿ ನೀರು ಕುಡಿದು, ಮರುದಿನ ಮತ್ತೆ ಕೈ ಚಾಚಿದನಂತೆ. ಮುಂದಿನ ಪಾರ್ಸಲ್ಲಿನಲ್ಲಿ ಚಟ್ನಿ ಒಂದು ಕಿಲೋ ಹೆಚ್ಚಾಯಿತು.

ಮೊದಲ ಸಲ ಊರಿಗೆ ಬಂದಾಗ ಅಳಿಯ ಅವ್ವನಿಗೆ ಆರು ಕಪ್ಪು, ಆರು ಬಸಿ ತಂದ. ಕಾರ್ಖಾನೆಯಲ್ಲಿ ಸಣ್ಣ ಕುಂದಿದ್ದವನ್ನು ಅಗ್ಗಕ್ಕೆ ಮಾರುತ್ತಾರೆ, ಕುಂದು ಎಲ್ಲಿದೆಯೆಂದು ನಮಗೆ ಕಾಣಲಿಲ್ಲ. ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಆಚೆ ಕಾಣುವಷ್ಟು ತೆಳುವು. ಅಕ್ಕ ಗಲ್ಲಿಯವರನ್ನೆಲ್ಲ ಕರೆದು ಅದರಲ್ಲೇ ಚಹಾ ಕೊಟ್ಟಳು. ಆಗ ನಮ್ಮ ಪೈಕಿ ಒಬ್ಬ ಜಾಣ ಬೋನ್ ಚೈನಾ ಎಂದರೇನೆಂದು ವಿವರಿಸಿದ. ಸ್ಪೋಡ್ ಮನೆತನದವರು 18ನೆಯ ಶತಮಾನದ ಕೊನೆಗೆ ಹದಕ್ಕೆ ತಂದ ಪಾಕ ಅದು. ಅದರಲ್ಲಿ ಅರ್ಧದ ಹತ್ತಿರ ದನದ ಎಲುಬಿನ ಬೂದಿ. ಲಿಂಗಾಯತರ ಮನೆಯ ಪಡಸಾಲೆಯಲ್ಲಿ ಒಮ್ಮೆಲೇ ಯಾರೂ ಗುಟುಕರಿಸಲಿಲ್ಲ. ನೆರೆಮನೆಯ ಕಾಕೂ ಮಾತ್ರ ‘ಸುಟ್ಟ ಬೂದಿ ಅಂದಮ್ಯಾಲೆ ಶುದ್ಧನ ಆತಲ್ಲ’ ಎಂದು ಉಳಿದದ್ದನ್ನು ಕುಡಿದು ಮುಗಿಸಿದರು. ಕಪ್ಪುಗಳು ಕಾಚಿನ ಕಪಾಟು ಸೇರಿದವು. ಬಂದವರು ಹೊರಗಿನಿಂದ ನೋಡಬಹುದು.

ಒಂದು ರಜೆಯಲ್ಲಿ ಮೂವರೂ ಲಂಡನ್ನಿಗೆ ಹೋಗಿ ಥೇಮ್ಸ್ ದಡದಲ್ಲಿರುವ ಬಸವಣ್ಣನವರ ಮೂರ್ತಿಯ ಮುಂದೆ ನಿಂತು ಫೋಟೊ ಕಳಿಸಿದರು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿಯವರು ಅನಾವರಣ ಮಾಡಿದ್ದು ಅದು. ಅಕ್ಕ ಬಹಳ ಹೊತ್ತು ನೋಡಿದಳು. ಅವಳ ಘಾಟಿನ ನೀರು ಹರಿದು ಸೇರುವುದು ಕೂಡಲಸಂಗಮವನ್ನು. ‘ಅಲ್ಲೂ ಹೊಳಿ ದಂಡಿ ಹಿಡದಾರ ನೋಡ’ ಎಂದಳು. ಆಮೇಲೆ, ‘ಮಗೂಗ ಸ್ವೆಟರ್ ಯಾಕ ಹಾಕಿಲ್ಲ?’

ಈಗ ಅಕ್ಕನೇ ಹೊರಟಿದ್ದಾಳೆ. ಸಂದರ್ಶಕರ ವೀಸಾ, ಆರು ತಿಂಗಳವರೆಗೆ. ಪಾಸ್‌ಪೋರ್ಟಿಗೆಂದು ಬೆಳಗಾವಿಗೆ ಕರೆದುಕೊಂಡು ಬಂದರೆ ಆಧಾರಿನಲ್ಲಿ ಒಂದು ಹೆಸರು, ಮರಾಠಿ ಶಾಲೆಯ ದಾಖಲೆಯಲ್ಲಿ ಇನ್ನೊಂದು, ಮತದಾರರ ಪಟ್ಟಿಯಲ್ಲಿ ಮೂರನೆಯದು. ಮೂವರೂ ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಿದ್ದಾಯಿತು. ಚೀಲದ ಕೆಲಸವೂ ಶುರುವಾಗಿದೆ. ಮೊನ್ನೆ ಹೋದಾಗ ಪಡಸಾಲೆಯಲ್ಲಿ ಖಾನಾಪುರದ ಕೆಂಪು ಮಣ್ಣಿನ ದೊಡ್ಡದೊಂದು ಗಡಿಗೆಗೆ ಹಳೆಯ ಕೌದಿ ಸುತ್ತುತ್ತಿದ್ದಳು.

‘ಅಕ್ಕಾ, ಜಗತ್ತಿಗೆಲ್ಲ ಗಡಿಗಿ ಮಾಡಿಕೊಟ್ಟ ಊರಿಗೆ ಗಡಿಗಿ ಒಯ್ತೀಯಾ?’

‘ಅವರದು ಎಲುಬಿಂದು, ತಮ್ಮಾ’ ಎಂದಳು ತಲೆ ಎತ್ತದೆ. ‘ನಾ ಅಲ್ಲಿ ಆರ ತಿಂಗಳ ನೀರ ಎದರಾಗ ಕುಡೀಲಿ? ನೀ ಸುಮ್ನ ಹೋಗಿ ಕಿರಾಣಿ ಅಂಗಡಿ ಕಾಟಾ ತಗೊಂಡ ಬಾ.’