ಬಾಗಿಲು ತೆರೆಯುವ ಮುನ್ನ ಕಮಲಾಪುರಕ್ಕೆ ಒಮ್ಮೆ ಬನ್ನಿ

ಕನ್ನಡಕ್ಕೂ ಒಂದು ವಿಕಿವರ್ಸಿಟಿ ಬೇಕು ಎನ್ನುವ ಸ್ವಯಂಸೇವಕ ಗೆಳೆಯರಿಗೆ ಬಹಿರಂಗ ಪತ್ರ

ಪ್ರೀತಿಯ ಗೆಳೆಯರೇ,

ನಿಮ್ಮಲ್ಲಿ ಬಹಳ ಜನರ ಮುಖ ನಾನು ನೋಡಿಲ್ಲ. ಆದರೆ ನಿಮ್ಮ ಕೆಲಸ ನೋಡಿದ್ದೇನೆ. ಹಗಲು ನೌಕರಿ, ಮನೆ, ಮಕ್ಕಳು ಎಲ್ಲ ಮುಗಿಸಿ, ರಾತ್ರಿ ಹತ್ತರ ಮೇಲೆ ಕೂತು ಕನ್ನಡ ವಿಕಿಪೀಡಿಯದ ಪುಟ ತಿದ್ದುವವರು ನೀವು. ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಹೆಸರೂ ಬರುವುದಿಲ್ಲ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಇವತ್ತು ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಹೊತ್ತು ನಿಂತಿರುವುದು ನಿಮ್ಮ ಆ ರಾತ್ರಿಗಳಿಂದಲೇ. ಆ ಋಣ ಇಟ್ಟುಕೊಂಡೇ ಈ ಪತ್ರ ಬರೆಯುತ್ತಿದ್ದೇನೆ.

ವಿಕಿವರ್ಸಿಟಿ ಎಂದರೆ ಏನೆಂದು ಓದುಗರಿಗೆ ಎರಡು ಮಾತು. ವಿಕಿಪೀಡಿಯ ಒಂದು ವಿಷಯ ಏನೆಂದು ತಿಳಿಸುತ್ತದೆ. ವಿಕಿವರ್ಸಿಟಿ ಅದನ್ನು ಕಲಿಸಲು ಹೊರಟದ್ದು. ಪಾಠ, ಅಭ್ಯಾಸ, ಪ್ರಶ್ನೆ, ಪ್ರಯೋಗ ಎಲ್ಲ ಅಲ್ಲಿ ಇರಬೇಕು. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. 2006ರ ಆಗಸ್ಟ್ 15ರಂದು ಇಂಗ್ಲಿಷಿನಲ್ಲಿ ಅದು ಆರಂಭವಾಯಿತು. ಭಾರತೀಯ ಭಾಷೆಗಳಲ್ಲಿ ಮೊದಲು ಬಾಗಿಲು ತೆರೆದದ್ದು ಹಿಂದಿಗೆ, 2017ರಲ್ಲಿ. ಅಂದಿನಿಂದ ನಿಮ್ಮ ನಡುವೆ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ನಮಗೆ ಯಾವಾಗ?

ಬೇಕೇ ಬೇಕು ಎನ್ನುವವರಲ್ಲಿ ನಾನೂ ಒಬ್ಬ. ಯಾವಾಗ ಎಂಬುದನ್ನು ಹೇಗೆ ತೀರ್ಮಾನಿಸಬೇಕು ಎಂಬ ಬಗ್ಗೆ ಮಾತ್ರ ನನಗೆ ಹೇಳುವುದಿದೆ. ಅದಕ್ಕೆ ನನ್ನ ಅಣ್ಣನ ಹೊಲದಿಂದಲೇ ಶುರು ಮಾಡುತ್ತೇನೆ.

ನಾನು ಇರುವುದು ಕಲಬುರಗಿಯಲ್ಲಿ, ಅಣ್ಣ ಇರುವುದು ಕಮಲಾಪುರದಲ್ಲಿ. ಅವನ ಮಗಳು ಹುಮನಾಬಾದ್ ರಸ್ತೆಯ ಬಸ್ಸು ಹಿಡಿದು, ಕುರಿಕೋಟಾ ಸೇತುವೆ ದಾಟಿ, ದಿನಾ ನಗರಕ್ಕೆ ಬಂದು ಬಿ.ಎಸ್ಸಿ. ಓದುತ್ತಾಳೆ. ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿದವಳಿಗೆ ಸಸ್ಯಶಾಸ್ತ್ರ ಈಗ ಇಂಗ್ಲಿಷಿನಲ್ಲಿ ಎದುರಾಗಿದೆ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಭಾಗದ ಮಕ್ಕಳಿಗೆ ಇಲ್ಲಿನ ವಿಶ್ವವಿದ್ಯಾಲಯ, ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಮೀಸಲಾಯಿತು. ಸೀಟು ಸಿಕ್ಕಿತು. ಆದರೆ ಸೀಟಿನಲ್ಲಿ ಕೂತ ಮೇಲೆ ಅರ್ಥವಾಗುವ ಭಾಷೆಯಲ್ಲಿ ಓದಲು ಒಂದು ಪಾಠ ಬೇಕಲ್ಲ, ಅದು ಇನ್ನೂ ಸಿಕ್ಕಿಲ್ಲ.

2022-23ರ ಹಂಗಾಮು ನಮ್ಮ ಜಿಲ್ಲೆಯವರಿಗೆ ಮರೆಯುವಂಥದ್ದಲ್ಲ. ಹೂವು, ಕಾಯಿ ಕಟ್ಟುವ ಹೊತ್ತಿಗೆ ತೊಗರಿ ನಿಂತಲ್ಲೇ ಒಣಗಿತು. ಅಣ್ಣನ ಹೊಲದಲ್ಲೂ ಅದೇ. ಆ ಹುಡುಗಿ ಒಂದು ಒಣಗಿದ ಗಿಡ ಕಿತ್ತು, ಕುಡಗೋಲಿನಿಂದ ಕಾಂಡ ಸೀಳಿ ತೋರಿಸಿದಳು. ಸಿಪ್ಪೆಯ ಒಳಗೆ, ಬೇರಿನಿಂದ ಮೇಲಕ್ಕೆ, ಕಂದುಗಪ್ಪು ಗೆರೆ ಎಳೆದಂತಿತ್ತು. ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರು ಏರುವ ನಾಳಗಳನ್ನು ಕಟ್ಟಿಬಿಡುತ್ತದೆ. ನೆಲ ಹಸಿ ಇದ್ದರೂ ಗಿಡ ಬಾಯಾರಿ ಸಾಯುತ್ತದೆ.

ಅವಳು ಫೋನಿನಲ್ಲಿ ಹುಡುಕಿದಳು. ಹಿಂದಿಯಲ್ಲಿ ಒಂದು ಬರಹ ಸಿಕ್ಕಿತು. "ಕಾಕಾ, ಇದ್ರಾಗ ಅರ್‌ಹರ್ ಅಂತ ಅದ, ಉಕಠಾ ಅಂತ ಅದ. ಇದು ನಮ್ಮ ತೊಗರೀದೇ ಏನು?" ಎಂದು ಕೇಳಿದಳು. ನಮ್ಮ ಊರಿನ ಹುಡುಗಿಗೆ ಹಿಂದಿ ದೂರದ ಭಾಷೆಯಲ್ಲ. ದಖ್ಖನಿ ಕೇಳಿಕೊಂಡೇ ಬೆಳೆದವಳು, ಬಂದಾ ನವಾಜರ ಉರುಸಿನಲ್ಲಿ ಸುತ್ತಾಡಿದವಳು. ಮಾತು ತಿಳಿಯುತ್ತದೆ, ಆದರೆ ತನ್ನ ಹೊಲದ ಬೆಳೆಗೂ ರೋಗಕ್ಕೂ ಆ ಪುಟದಲ್ಲಿ ಬೇರೆ ಹೆಸರು.

ಆ ರಾತ್ರಿ ನಾನೇ ಕೂತು ಮೂರು ಪುಟದ ಪಾಠ ಬರೆದೆ. ಇಷ್ಟು ವರ್ಷ ಪಾಠ ಮಾಡಿದವನು, ಇದೇನು ಮಹಾ ಎಂದುಕೊಂಡಿದ್ದೆ. ರವಿವಾರ ಕಮಲಾಪುರಕ್ಕೆ ಹೋಗಿ ಕಟ್ಟೆಯ ಮೇಲೆ ಕೂತು ಓದಿದೆ. ಮೊದಲ ಸಾಲಿನಲ್ಲೇ ಅಣ್ಣ ತಡೆದ. "ಸೊರಗು ರೋಗ ಅಂತ ಯಾಕ ಬರದಿ? ಸೊರಗೋದು ನೀರಿಲ್ದ ಗಿಡ. ಇದಕ ನಾವು ನೆಟಿ ಅಂತೀವಿ." ಪುಸ್ತಕದಲ್ಲಿ ಸೊರಗು ರೋಗ ಎಂದಿರುವುದು ನಿಜ. ಆದರೆ ನೆಟೆ ಎಂದು ಹುಡುಕುವ ರೈತನಿಗೆ ಆ ಪಾಠ ಸಿಗುವುದೇ ಇಲ್ಲ. ಬಿತ್ತುವ ಮುಂಚೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದಿಂದ ಬೀಜೋಪಚಾರ ಮಾಡಬೇಕು ಎಂದು ಬರೆದಿದ್ದೆ. "ಕಿಲೋಕ್ಕ ಎಷ್ಟು?" ಎಂದ. 4 ಗ್ರಾಂ ಎಂಬುದನ್ನು ನಾನು ಬರೆದೇ ಇರಲಿಲ್ಲ. ಜೋಳದ ಜೊತೆ ಬೆಳೆ ಬದಲಿಸಿದರೆ ರೋಗ ತಗ್ಗುತ್ತದೆ ಎಂದು ಬರೆದಿದ್ದೆ, ಆದರೆ ಶಿಲೀಂಧ್ರ ಕೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ ಎಂಬ ಕಾರಣ ಬಿಟ್ಟಿದ್ದೆ. ಕೊನೆಗೆ ಮಗಳು ಕೇಳಿದಳು: "ಮಳಿ ಹೆಚ್ಚಾಗಿ ನೀರು ನಿಂತ ಹೊಲದಾಗೂ ತೊಗರಿ ಸಾಯ್ತದಲ್ಲ ಕಾಕಾ, ಅದು ಇದೇ ರೋಗ ಏನು? ಹೆಂಗ ಗುರುತು ಹಿಡೀಬೇಕು?" ಆ ಪ್ರಶ್ನೆಗೆ ನನ್ನ ಪಾಠದಲ್ಲಿ ಜಾಗವೇ ಇರಲಿಲ್ಲ.

ಗೆಳೆಯರೇ, ಆ ಕಟ್ಟೆಯ ಮೇಲೆ ನನಗೆ ತಿಳಿದದ್ದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ. ಪಾಠ ಬರೆದು ಮುಗಿಸಿದ ದಿನ ಪಾಠ ಸಿದ್ಧವಾಗುವುದಿಲ್ಲ. ಕಲಿಯುವವರು ತಡೆದು ಕೇಳಬೇಕು, ಬರೆದವರು ತಿದ್ದಿ ಉತ್ತರಿಸಬೇಕು. ಆ ಕೊಡುಕೊಳೆ ಶುರುವಾದಾಗಲೇ ಪಾಠ ಸಿದ್ಧ. ವಿಕಿವರ್ಸಿಟಿಯೂ ಹಾಗೆಯೇ. ಎಷ್ಟು ಪುಟ ಇವೆ ಎಂಬ ಲೆಕ್ಕದಿಂದ ಅದರ ಸಿದ್ಧತೆ ಗೊತ್ತಾಗದು.

ಪುಟದ ಲೆಕ್ಕ ನಂಬಿ ನಾವು ಒಮ್ಮೆ ಪೆಟ್ಟು ತಿಂದಿದ್ದೇವೆ. 2009ರಿಂದ ಎರಡು ವರ್ಷ ಗೂಗಲ್ ಕಂಪನಿ ತನ್ನ ಅನುವಾದದ ಉಪಕರಣ ಬಳಸಿ, ಹಣ ಕೊಟ್ಟು ಅನುವಾದಕರನ್ನು ಹಚ್ಚಿ, ಇಂಗ್ಲಿಷಿನ ಉದ್ದುದ್ದ ಲೇಖನಗಳನ್ನು ಕನ್ನಡ, ತಮಿಳು, ತೆಲುಗು ಮುಂತಾದ ವಿಕಿಪೀಡಿಯಗಳಿಗೆ ತಂದು ಹಾಕಿತು. ಬಂಗಾಳಿಯವರು ಗುಣಮಟ್ಟ ನೋಡಿ ಬೇಡ ಎಂದು ನಿಲ್ಲಿಸಿದರು. ಕನ್ನಡದಲ್ಲಿ ಅವು ಉಳಿದುಕೊಂಡವು. ಸಂಖ್ಯೆ ಏರಿತು. ಆದರೆ ಕ್ರಿಯಾಪದ ಎಲ್ಲಿದೆ ಎಂದು ಹುಡುಕಬೇಕಾದಂಥ ವಾಕ್ಯಗಳು, ನಮ್ಮ ಓದುಗ ಕೇಳದ ವಿಷಯಗಳು. ಅವನ್ನು ಹಸನು ಮಾಡುವ ಹೊರೆ ಕೊನೆಗೆ ನಿಮ್ಮಂಥ ಸ್ವಯಂಸೇವಕರ ಹೆಗಲಿಗೇ ಬಿತ್ತು. ಈಗಂತೂ ಯಂತ್ರ ಕ್ಷಣಮಾತ್ರದಲ್ಲಿ ಸಾವಿರ ಪಾಠ ಬರೆದುಕೊಡುತ್ತದೆ. ಆ ಸಾವಿರ ಪಾಠಗಳನ್ನು ಓದಿ, ಕಿಲೋಕ್ಕೆ ಎಷ್ಟು ಗ್ರಾಂ ಎಂದು ಪರೀಕ್ಷಿಸುವ ಮನುಷ್ಯ ಇಲ್ಲದಿದ್ದರೆ ರೈತನ ಕೈಗೆ ಹೋಗುವುದು ತಪ್ಪು ಲೆಕ್ಕವೇ.

ಇದಕ್ಕೆ ಎದುರಾಗಿ ತುಳುವರನ್ನು ನೋಡಿ. 2008ರಲ್ಲಿ, ಹೊಸ ವಿಕಿಗಳನ್ನು ಬೆಳೆಸುವ ಪ್ರಾಯೋಗಿಕ ತಾಣದಲ್ಲಿ ಸಸಿ ನೆಟ್ಟ ತುಳು ವಿಕಿಪೀಡಿಯ ಸ್ವಂತ ನೆಲಕ್ಕೆ ಬಂದದ್ದು 2016ರ ಆಗಸ್ಟಿನಲ್ಲಿ. ಎಂಟು ವರ್ಷ! ಅದನ್ನು ತಡ ಎನ್ನಬಹುದು. ಆದರೆ ಆ ಎಂಟು ವರ್ಷಗಳ ಕೊನೆಯಲ್ಲಿ ಅವರ ಬಳಿ ಲೇಖನಗಳ ಜೊತೆಗೆ ಜನ ಇದ್ದರು. ಕರಾವಳಿಯ ಕಾಲೇಜುಗಳಲ್ಲಿ ಕಮ್ಮಟ ನಡೆಸುವವರು, ಹೊಸಬರ ಪಕ್ಕದಲ್ಲಿ ಕೂತು ಕೀಲಿಮಣೆ ತೋರಿಸುವವರು ಇದ್ದರು. ಈ ವಿಕಿಗಳನ್ನೆಲ್ಲ ನಡೆಸುವ ವಿಕಿಮೀಡಿಯದ ಭಾಷಾ ಸಮಿತಿಯೂ ಹೊಸ ಯೋಜನೆಗೆ ಒಪ್ಪಿಗೆ ಕೊಡುವಾಗ ಮುಖ್ಯವಾಗಿ ಕೇಳುವುದು ಇದನ್ನೇ: ತಿಂಗಳುಗಟ್ಟಲೆ ಬಿಡದೆ ದುಡಿಯುವವರು ಇದ್ದಾರೆಯೇ? ಬರೀ ನಿಯಮ ಎಂದು ಅದನ್ನು ದಾಟಬೇಡಿ. ಅದು ಅನುಭವದಿಂದ ಬಂದ ಬುದ್ಧಿಮಾತು.

ಹಾಗಾದರೆ ಎಲ್ಲವೂ ಪೂರ್ಣವಾಗುವವರೆಗೆ ಕಾಯಬೇಕೇ? ಅದೂ ಬೇಡ. 1936ರಲ್ಲಿ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ' ತಂದಾಗ ಬೇಕಾದ ಪಾರಿಭಾಷಿಕ ಪದಗಳೆಲ್ಲ ಕನ್ನಡದಲ್ಲಿ ತಯಾರಿದ್ದವೇ? ಬರೆಯುತ್ತ ಬರೆಯುತ್ತ ಪದ ಹುಟ್ಟಿದವು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶ 14 ಸಂಪುಟ ಮುಟ್ಟಲು ದಶಕಗಳೇ ಹಿಡಿದವು, ಆದರೆ ಮೊದಲ ಸಂಪುಟ ಕೊನೆಯದಕ್ಕಾಗಿ ಕಾಯಲಿಲ್ಲ. ಕಡಿಮೆ ಇರಲಿ, ಇರುವಷ್ಟು ಗಟ್ಟಿ ಇರಲಿ.

ಆದ್ದರಿಂದ ನನ್ನ ಅಳತೆ ಇಷ್ಟು. ಅರ್ಜಿ ಹಾಕುವ ಮುನ್ನ ಹತ್ತೇ ಪಾಠ ತಯಾರಿಸಿ. ಒಂದೊಂದೂ ಮೊದಲಿನಿಂದ ಕೊನೆವರೆಗೆ ಕಲಿಸುವಂತಿರಲಿ, ಕೊನೆಗೆ ಅಭ್ಯಾಸ ಇರಲಿ. ಪ್ರತಿ ಪಾಠವನ್ನೂ ಅದನ್ನು ಬರೆಯದ, ವಿಷಯ ತಿಳಿದ ಒಬ್ಬರೂ ವಿಷಯ ತಿಳಿಯದ ಒಬ್ಬ ವಿದ್ಯಾರ್ಥಿಯೂ ಓದಲಿ. ವಿದ್ಯಾರ್ಥಿ ತಪ್ಪು ತೋರಿಸಿದರೆ ಒಂದು ವಾರದೊಳಗೆ ಉತ್ತರ ಬರಲಿ. ಆರು ತಿಂಗಳು ಹೀಗೆ ನಡೆದರೆ ಬಾಗಿಲು ತೆರೆಯಿರಿ, ಪುಟಗಳ ಸಂಖ್ಯೆ ಕೇಳಲೇಬೇಡಿ. ನಡೆಯದಿದ್ದರೆ ಇನ್ನೂ ಆರು ತಿಂಗಳು ಪ್ರಾಯೋಗಿಕ ತಾಣದಲ್ಲೇ ಇರಲಿ. ಕಾದಿದ್ದರಿಂದ ಯಾರಿಗೂ ನಷ್ಟವಿಲ್ಲ. ಬಾಗಿಲು ತೆರೆದು ಒಳಗೆ ಯಾರೂ ಇಲ್ಲದಿದ್ದರೆ ಒಮ್ಮೆ ಬಂದು ಹೋದ ವಿದ್ಯಾರ್ಥಿ ಮತ್ತೆ ಬರುವುದಿಲ್ಲ.

ಆ ತಿಳಿದವರನ್ನು ಹುಡುಕಿಕೊಂಡು ಬೆಂಗಳೂರಿನಲ್ಲೇ ಅಲೆಯಬೇಡಿ. ಇಲ್ಲಿಗೂ ಬನ್ನಿ. 1980ರಲ್ಲಿ ಆರಂಭವಾದ ಗುಲಬರ್ಗಾ ವಿಶ್ವವಿದ್ಯಾಲಯ ಇಲ್ಲಿದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ನೆಟೆ ರೋಗ ತಡೆಯುವ ಟಿಎಸ್-3ಆರ್ ತಳಿ ಕೊಟ್ಟ ಕೃಷಿ ಸಂಶೋಧನಾ ಕೇಂದ್ರ ಇದೇ ಕಲಬುರಗಿಯಲ್ಲಿದೆ. ತೊಗರಿಯ ಪಾಠವನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಕನ್ನಡದಲ್ಲಿ ಹೇಗೆ ಬರೆಯಬೇಕು ಎಂದು ವಿಚಾರಿಸುವ ಕವಿರಾಜಮಾರ್ಗ ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಇದೇ ಜಿಲ್ಲೆಯ ಮಳಖೇಡ. ಅಂದೂ ಆ ಗ್ರಂಥ ನಾಡಿನ ಜನರ ಮಾತನ್ನು ಬಿಟ್ಟು ನಡೆಯಲಿಲ್ಲ.

ಇಲ್ಲಿನ ಅಧ್ಯಾಪಕ ಮಿತ್ರರಿಗೂ ಇದೇ ಪತ್ರದಲ್ಲಿ ಕೈಮುಗಿದು ಕೇಳುತ್ತೇನೆ. ವರ್ಷಕ್ಕೆ ಒಂದು ಪಾಠ ಬರೆಯಿರಿ, ನಾಲ್ಕು ಪಾಠ ತಿದ್ದಿರಿ. ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಕಂಪ್ಯೂಟರಿನೊಳಗೆ ಕೊಳೆಯುತ್ತಿರುವ ನಿಮ್ಮ ಟಿಪ್ಪಣಿಗಳನ್ನು ಯುನಿಕೋಡಿಗೆ ತಿರುಗಿಸಿ ಕೊಡಿ.

ನನ್ನ ಆ ಮೂರು ಪುಟ ಈಗ ಐದಾಗಿದೆ. ಅಣ್ಣನ ಮಗಳು ತನ್ನ ಕೈಯಾರೆ ಶೀರ್ಷಿಕೆ ತಿದ್ದಿ 'ತೊಗರಿಯ ನೆಟೆ ರೋಗ' ಎಂದು ಬರೆದಿದ್ದಾಳೆ, ಸೀಳಿದ ಕಾಂಡದ ಫೋಟೊ ಹಚ್ಚಿದ್ದಾಳೆ. ನೀರು ನಿಂತ ಹೊಲದ ಅವಳ ಪ್ರಶ್ನೆಗೆ ಉತ್ತರ ಇನ್ನೂ ಬರೆಯಬೇಕಾಗಿದೆ. ಅಲ್ಲಿ ಅವಳು ಅರ್ಧ ಪುಟ ಖಾಲಿ ಬಿಟ್ಟು ಪೆನ್ಸಿಲಿನಿಂದ ಚೌಕ ಎಳೆದಿದ್ದಾಳೆ. ನಿಮ್ಮಲ್ಲಿ ಒಬ್ಬರು ಬಂದು ಅದನ್ನು ತುಂಬಿದರೆ ಹತ್ತು ಪಾಠಗಳಲ್ಲಿ ಒಂದು ತಯಾರಾದಂತೆ.

ಕಮಲಾಪುರದ ಕಟ್ಟೆಯ ಮೇಲೆ ನಿಮಗಾಗಿ ಕಾಯುತ್ತ,

ಇಂತಿ ನಿಮ್ಮವ,
ಕಲಬುರಗಿಯ ಒಬ್ಬ ನಿವೃತ್ತ ಅಧ್ಯಾಪಕ