ಅಂಕಿ ಇಂಗ್ಲಿಷು, ಲೆಕ್ಕ ಕನ್ನಡ

ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪಟ ಕನ್ನಡದಲ್ಲಿ ಹರಟುತ್ತ ಕೂತವರನ್ನು ಯಾರನ್ನಾದರೂ ಹಿಡಿದು ಮೊಬೈಲ್ ನಂಬರ್ ಕೇಳಿ ನೋಡಿ. "ನೈನ್ ಡಬಲ್ ಫೋರ್ ಏಟ್" ಎಂದೇ ಶುರುವಾಗುತ್ತದೆ. ಶಾಲೆಯ ಕಟ್ಟೆ ಹತ್ತದ ಅಜ್ಜಿಯೂ ಅಷ್ಟೇ. ಹತ್ತು ಅಂಕಿ ಮುಗಿಯುವ ತನಕ ಆಕೆ ಇಂಗ್ಲಿಷ್ ಮೇಡಮ್ಮು. ಮುಗಿದ ಕೂಡಲೇ, "ಒಂದ್ ಮಿಸ್ಡ್ ಕಾಲ್ ಕೊಡೋ ತಮ್ಮಾ, ಬರೋಬ್ಬರಿ ಹೇಳೀನೋ ಇಲ್ಲೋ ನೋಡೂಣು" ಎಂದು ಹಾನಗಲ್ಲಿಗೆ ಇಳಿದುಬಿಡುತ್ತಾಳೆ. ಅದೇ ನಂಬರನ್ನು ಕನ್ನಡದಲ್ಲಿ ಹೇಳಿ ಎನ್ನಿ. ಮೂರನೆಯ ಅಂಕಿಗೇ ತಡವರಿಸಿ, ತನ್ನ ನಂಬರು ತನಗೇ ಮರೆತುಹೋಗಿ, ಮೊಮ್ಮಗನ ಮುಖ ನೋಡುತ್ತಾಳೆ.

ಈ 'ಡಬಲ್' ಎಂಬುದು ಬ್ರಿಟಿಷರು ಬಿಟ್ಟುಹೋದ ಸಾಮಾನು. ಅಮೆರಿಕದಲ್ಲಿ ಅದು ಅಷ್ಟಾಗಿ ಓಡುವುದಿಲ್ಲ. ನಮ್ಮ ನೆರೆಮನೆಯ ನಿವೃತ್ತ ಮಾಸ್ತರರ ಮೊಮ್ಮಗ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವ. ಒಮ್ಮೆ ಅಜ್ಜ ಫೋನಿನಲ್ಲಿ ಯಾವುದೋ ನಂಬರ್ ಬರೆಸುತ್ತ "ಡಬಲ್ ಸೆವೆನ್" ಎಂದರೆ, ಅವನು ವಿನಯದಿಂದ "ಫೋರ್ಟೀನಾ ಅಜ್ಜಾ?" ಎಂದು ಕೇಳಿದನಂತೆ. ಮೂವತ್ತು ವರ್ಷ ಮಗ್ಗಿ ಕಲಿಸಿದ ಮಾಸ್ತರರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹುಡುಗನ ಲೆಕ್ಕ ಸರಿಯಿತ್ತಲ್ಲ!

ಕನ್ನಡಾಭಿಮಾನಿಗಳು ಈ ಇಂಗ್ಲಿಷ್ ಅಂಕಿಗಳ ಮೇಲೆ ಹರಿಹಾಯುವ ಮೊದಲು ಒಂದು ದಿನ ಸವಣೂರಿನ ಎಲೆ ವ್ಯಾಪಾರಿಗಳ ಪಕ್ಕ ಕೂರಬೇಕು. ವೀಳ್ಯದೆಲೆಗೆ ಹೆಸರಾದ ಊರು ಅದು. ಬಾಯಿತುಂಬ ಎಲೆ ಹಾಕಿಕೊಂಡವನು ಫೋನಿನಲ್ಲಿ 'ಇಪ್ಪತ್ತು' ಎಂದನೋ 'ಎಪ್ಪತ್ತು' ಎಂದನೋ ಆ ನಂದೀಶ್ವರನಿಗೇ ಗೊತ್ತು. ಎಂಬತ್ತು-ತೊಂಬತ್ತರದೂ ಅದೇ ಹಣೆಬರಹ. ಆದ್ದರಿಂದ ವ್ಯಾಪಾರಿಗಳು ಕನ್ನಡದಲ್ಲಿ ಚೌಕಾಶಿ ಮಾಡಿ, ಕೊನೆಯ ಮಾತಿಗೆ "ಟ್ವೆಂಟಿರೀ, ಟ್ವೆಂಟಿ. ಸೆವೆಂಟಿ ಅಲ್ಲ" ಎಂದು ಗೂಟ ಬಡಿಯುತ್ತಾರೆ. ದನದ ಸಂತೆಯವರು ಇನ್ನೂ ಜಾಣರು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಮುಗಿಸುತ್ತಾರೆ, ಯಾವ ಭಾಷೆಯ ಹಂಗೂ ಇಲ್ಲ.

ಹಾಗಂತ ಇಂಗ್ಲಿಷೇನೂ ಗಂಗಾಜಲವಲ್ಲ. ನಮ್ಮ ಮನೆಯ ತೊಟ್ಟಿಲ ಕಾರ್ಯಕ್ಕೆ ಪೆಂಡಾಲಿನವನಿಗೆ "ಫಿಫ್ಟಿ ಕುರ್ಚಿ" ಎಂದು ಫೋನ್ ಮಾಡಿದ್ದೆ. ಬಂದದ್ದು ಹದಿನೈದು. "ನೀವ ಫಿಫ್ಟೀನ್ ಅಂದ್ರಿ" ಎಂಬುದು ಅವನ ವಾದ. ಬೀಗರಿಗೆ, ಮೊಣಕಾಲು ನೋವಿನವರಿಗೆ, ಮತ್ತು ನೋವಿದೆ ಎಂದು ಆಗಲೇ ನೆನಪಾದವರಿಗೆ ಕುರ್ಚಿ ಹಂಚಿ, ಉಳಿದವರನ್ನು ಜಮಖಾನೆಯ ಮೇಲೆ ಕೂರಿಸಿದೆವು. ನಮ್ಮ ಅತ್ತೆ ಮಾತ್ರ "ಐವತ್ತು ಅನ್ನಾಕ ನಿನ್ನ ಬಾಯಿಗೆ ಏನಾಗಿತ್ತು?" ಎಂದು ಕೇಳಿದ್ದಕ್ಕೆ ನನ್ನ ಬಳಿ ಇವತ್ತಿಗೂ ಉತ್ತರವಿಲ್ಲ.

ಇಸವಿಗಳ ಕಥೆ ಬೇರೆ. 1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರೆಯಾಗಿ ನಮ್ಮದು ಹಾವೇರಿ ಜಿಲ್ಲೆಯಾಯಿತು. "ಸಾವಿರದ ಒಂಬೈನೂರ ತೊಂಬತ್ತೇಳು" ಎಂದು ಭಾಷಣದಲ್ಲಿ ಹೇಳಬಹುದು, ಬಸ್ಸಿನಲ್ಲಿ ಹೇಳಹೊರಟರೆ ಇಳಿಯುವ ಸ್ಟಾಪು ಬಂದಿರುತ್ತದೆ. "ನೈಂಟಿ ಸೆವೆನ್ನಿನಾಗ ಜಿಲ್ಲಾ ಆತ್ರಿ" ಎಂದರೆ ಮುಗಿಯಿತು. ಇಸವಿಯನ್ನು ಮಧ್ಯಕ್ಕೆ ಸೀಳಿ ಎರಡೆರಡು ಅಂಕಿಯಾಗಿ ಓದುವ ಈ ಇಂಗ್ಲಿಷ್ ಉಪಾಯ ನಮಗೆ ಚೆನ್ನಾಗಿಯೇ ಒಗ್ಗಿದೆ. ಎಲ್ಲರಿಗೂ ಅಲ್ಲ. ಶಿಗ್ಗಾವಿಯ ಕಡೆ ಒಂದು ಶಾಲಾ ಸಮಾರಂಭದಲ್ಲಿ, ಅದೇ ತಾಲೂಕಿನ ಶಿಶುವಿನಹಾಳದಲ್ಲಿ ಹುಟ್ಟಿದ ಶರೀಫಜ್ಜನ ಜನನ ಯಾವಾಗ ಎಂಬ ಪ್ರಶ್ನೆಗೆ ಹುಡುಗಿಯೊಬ್ಬಳು ಠಸ್ಸೆಂದು "ಏಟೀನ್ ನೈಂಟೀನ್" ಎಂದಳು. ಉತ್ತರ ಸರಿಯಾದದ್ದೇ, 1819. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು, "ಏಟೀನೋ, ನೈಂಟೀನೋ? ಎರಡ್ರಾಗ ಒಂದ್ ಗಟ್ಟಿ ಮಾಡಿ ಹೇಳವಾ" ಎಂದರು. ಸಭೆ ನಕ್ಕಿತು. ಶರೀಫಜ್ಜ ಇದ್ದಿದ್ದರೆ ಅವನೂ ನಗುತ್ತಿದ್ದ.

2000ದಿಂದ 2009ರವರೆಗೆ ಈ ಉಪಾಯವೂ ಕೈಕೊಟ್ಟು 'ಟೂ ಥೌಸಂಡ್ ಫೈವ್' ಎಂದು ಉದ್ದಕ್ಕೆ ಎಳೆಯಬೇಕಾಯಿತು. ಆಮೇಲೆ 'ಟ್ವೆಂಟಿ ಟ್ವೆಂಟಿ' ಬಂದು, ಅದು ಇಸವಿಯೋ ಕ್ರಿಕೆಟ್ಟೋ ಎಂಬ ಹೊಸ ಗೊಂದಲ. ಹೆದ್ದಾರಿಯ ಗೋಜಿಗೆ ನಾನು ಹೋಗುವುದಿಲ್ಲ. ಬಂಕಾಪುರದ ಪಕ್ಕ ಹಾಯುವ ರಸ್ತೆಗೆ ಸರ್ಕಾರ 48 ಎಂದು ಹೊಸ ನಂಬರ್ ಕೊಟ್ಟು ಎಷ್ಟೋ ಕಾಲವಾಯಿತು, ಜನ ಈಗಲೂ 'ಎನ್‌ಎಚ್ ಫೋರ್' ಬಿಟ್ಟಿಲ್ಲ.

ಹಿರೇಕೆರೂರಿನ ಪಿನ್‌ಕೋಡ್ ನೋಡಿದ್ದೀರಾ? 581111. ಬರೆದರೆ ಬೇಲಿಗೂಟ ನೆಟ್ಟಂತೆ ಕಾಣುತ್ತದೆ. ಅಲ್ಲಿನ ನಮ್ಮ ಬೀಗರು ಪಾರ್ಸೆಲ್ಲಿನವನಿಗೆ ಅದನ್ನು ಚುಟುಕಾಗಿ "ಐದು, ಎಂಟು, ನಾಕು ಒಂದು" ಎಂದರು. ಅವನು 5841 ಎಂದು ಒತ್ತಿ, "ಇನ್ನೂ ಎರಡು ಅಂಕಿ ಬೇಕ್ರಿ" ಎಂದ. "ಅಯ್ಯ, ನಾಕೂ ಹೇಳೀನಲ್ಲೋ!" ಎಂದು ಇವರು. ಕೊನೆಗೆ 'ಡಬಲ್ ಒನ್ ಡಬಲ್ ಒನ್' ಎಂಬ ಬ್ರಿಟಿಷ್ ಸಾಮಾನೇ ಕಾಪಾಡಬೇಕಾಯಿತು.

ಒಟ್ಟಿನಲ್ಲಿ ನನಗೆ ಕಾಣುವುದಿಷ್ಟು: ಅಂಕಿ ಬರೀ ಗುರುತಾಗಿದ್ದರೆ ನಾವು ಇಂಗ್ಲಿಷಿಗೆ ಕೊಟ್ಟಿದ್ದೇವೆ. ಫೋನು, ಇಸವಿ, ಗಾಡಿ ನಂಬರಿನ ಕೆಎ ಟ್ವೆಂಟಿ ಸೆವೆನ್. ಆದರೆ ತೂಗುವ, ಅಳೆಯುವ, ಕೈಯಿಂದ ಕೊಡುವ ಮಾತು ಬಂದರೆ ಹಳೆಯ ನಾಲಗೆ ಹೊರಳುತ್ತದೆ. ಸಂತೆಯಲ್ಲಿ ಈಗಲೂ ಪಾವ್ ಕಿಲೋ ಬೆಳ್ಳುಳ್ಳಿ, ದೀಡ್ ಕಿಲೋ ಉಳ್ಳಾಗಡ್ಡಿ. 1956ರವರೆಗೆ ನಾವು ಮುಂಬಯಿ ರಾಜ್ಯದಲ್ಲಿದ್ದ ಋಣ, ಈ ಮರಾಠಿ ಮಾತುಗಳಾಗಿ, ತಕ್ಕಡಿಯಲ್ಲಿ ಉಳಿದಿದೆ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆ ಎಂದು ದಶಮಾಂಶ ಪದ್ಧತಿ ಬಂತು. ನಾಲ್ಕಾಣೆ ಎನ್ನುತ್ತಿದ್ದ 25 ಪೈಸೆಯ ನಾಣ್ಯವೇ 2011ರಲ್ಲಿ ನಿಂತುಹೋಯಿತು. ಆದರೂ ನಂಬಿಕಸ್ಥನ ಮಾತು ನಮ್ಮಲ್ಲಿ ಹದಿನಾರಾಣೆ ಸತ್ಯವೇ. ಬ್ಯಾಂಕಿನವರು ಬಡ್ಡಿ "ಟ್ವೆಲ್ವ್ ಪಾಯಿಂಟ್ ಸೆವೆನ್ ಫೈವ್" ಎಂದಾಗ ತಲೆಯಾಡಿಸುವ ರೈತ, "ಅಂದ್ರ ಹನ್ನೆರಡೂ ಮುಕ್ಕಾಲು" ಎಂದು ಬಿಡಿಸಿ ಹೇಳಿದಾಗಲೇ ಎದೆ ಮುಟ್ಟಿಕೊಳ್ಳುವುದು.

ಪಾಯಿಂಟಿನ ನಂತರದ ಅಂಕಿಗಳನ್ನು ಬಿಡಿಬಿಡಿಯಾಗಿ ಓದಬೇಕು, ಸೆವೆಂಟಿ ಫೈವ್ ಎನ್ನಬಾರದು ಎಂದು ನಮ್ಮ ಗಣಿತದ ಮಾಸ್ತರರು ಬೆತ್ತ ಹಿಡಿದು ಕಲಿಸಿದ್ದರು. ಯಾಕೆಂದು ಹೇಳಿರಲಿಲ್ಲ. ಅದು ನನಗೆ ತಿಳಿದದ್ದು ಹಾಲಿನ ಡೇರಿಯಲ್ಲಿ. ಆಕಳ ಹಾಲು ಹಾಕಿದ ಹೆಣ್ಣುಮಗಳೊಬ್ಬಳು ಚೀಟಿ ಹಿಡಿದು ಜಗಳಕ್ಕೆ ನಿಂತಿದ್ದಳು. "ಅಲ್ರೀ ಅಣ್ಣಾರ, ನಿನ್ನೆ ಫ್ಯಾಟು ಮೂರು ಪಾಯಿಂಟ್ ಒಂಬತ್ತು, ಇವತ್ತು ಮೂರು ಪಾಯಿಂಟ್ ಹತ್ತು. ಒಂದು ಜಾಸ್ತಿನ ಆಗೇತಿ. ರೊಕ್ಕ ಹೆಂಗ ಕಡಿಮಿ?" ಡೇರಿಯವನು ತ್ರೀ ಪಾಯಿಂಟ್ ಒನ್ ಝೀರೋ ಎಂದು ಎಷ್ಟು ಒದರಿದರೂ ಆಕೆ ಒಪ್ಪಲಿಲ್ಲ.

ನಕ್ಕುಬಿಡಬೇಡಿ. ಆಕೆಯ ಲೆಕ್ಕ ಪಹಣಿಯ ಲೆಕ್ಕ. ಹೊಲದ ಕಾಗದದಲ್ಲಿ 3.10 ಎಂಬುದು 3.9ಕ್ಕಿಂತ ನಿಜವಾಗಿಯೂ ಒಂದು ಗುಂಟೆ ಹೆಚ್ಚು. ಎಕರೆಗೆ 40 ಗುಂಟೆ, ಆದ್ದರಿಂದ 1.39 ಆದಮೇಲೆ 2 ಬರುತ್ತದೆ. ಪಹಣಿಯ 2.20 ಎಂದರೆ ಎರಡೂವರೆ ಎಕರೆ. ಅದನ್ನೇ ಇಂಗ್ಲಿಷಿನಲ್ಲಿ "ಟೂ ಪಾಯಿಂಟ್ ಟೂ" ಎಂದು ಓದಿ ಕ್ಯಾಲ್ಕುಲೇಟರಿಗೆ ಹಾಕಿದರೆ ಎರಡು ಎಕರೆ ಎಂಟು ಗುಂಟೆ. ನಡುವೆ ಹನ್ನೆರಡು ಗುಂಟೆ ಮಂಗಮಾಯ. ನಮ್ಮ ಕಡೆ ಹೊಲ ಕೊಳ್ಳಲು ಬರುವವರು ಸಂಚಕಾರ ಕೊಡುವ ಮುನ್ನ ದಯವಿಟ್ಟು ಪಾಯಿಂಟು ಬಿಟ್ಟು, ಎಷ್ಟು ಎಕರೆ ಎಷ್ಟು ಗುಂಟೆ ಎಂದು ಕನ್ನಡದಲ್ಲೇ ಕೇಳಿ.